ಬೆಳಕು ಮಿತವಾಗಿರಲಿ, ಗಿಡ ಹೆಚ್ಚಿರಲಿ: ಅಕ್ವೇರಿಯಂ ಪ್ರಶ್ನೋತ್ತರ

ಪ್ರಶ್ನೆ: ಮನೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕ್ ಖಾಲಿ ಬಿದ್ದಿದೆ. ಪ್ಲಾಸ್ಟಿಕ್ ಗಿಡ ಬೇಡ, ಜೀವಂತ ಗಿಡ ಬೆಳೆಸುವ ಆಸೆ. ವಿದೇಶಿ ಮಣ್ಣು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ದುಬಾರಿ ಲೈಟ್ ಇಲ್ಲದೆ ಆಗುವುದಿಲ್ಲ ಅನ್ನುತ್ತಾರೆ. ನಿಜವೇ? ನಮ್ಮದು ಬೋರ್‌ವೆಲ್ ನೀರು.
– ಓದುಗರು, ತುಮಕೂರು

ಉತ್ತರ: ಆ ಮೂರೂ ಇಲ್ಲದೆ ಚೆನ್ನಾಗಿಯೇ ಆಗುತ್ತದೆ. ಸಿಲಿಂಡರ್ ಬೇಕಾಗುವುದು ಬೆಳಕು ಜೋರಾಗಿದ್ದಾಗ ಮಾತ್ರ. ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಅದಕ್ಕೆ ತಕ್ಕಷ್ಟು ಇಂಗಾಲ, ಪೋಷಕಾಂಶ ಸಿಗದಿದ್ದರೆ ಬೆಳವಣಿಗೆ ನಿಲ್ಲುತ್ತದೆ, ಮಿಕ್ಕ ಬೆಳಕು ಪಾಚಿಯ ಪಾಲಾಗುತ್ತದೆ. ಎರಡಡಿಯ 10 ವ್ಯಾಟ್ ಎಲ್‌ಇಡಿ ಟ್ಯೂಬ್, 6500 ಕೆಲ್ವಿನ್ ಎಂದು ಬರೆದಿರುವ ಬಿಳಿ ಬೆಳಕಿನದು, ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವುದೇ ಆಗಬಹುದು. ಅದು ಸುಮಾರು 1000 ಲ್ಯೂಮೆನ್ ಕೊಡುತ್ತದೆ. ದಿನಕ್ಕೆ 6 ಗಂಟೆ ಉರಿಯಲಿ, ಟೈಮರ್ ಹಾಕಿಬಿಡಿ. ಟ್ಯಾಂಕಿಗೆ ಕಿಟಕಿಯ ಬಿಸಿಲು ಬೀಳಬಾರದು. ಹೀಗೆ ಉಳಿದ ಹಣವನ್ನೆಲ್ಲ ಗಿಡಕ್ಕೆ ಹಾಕಿ.

ತಳದ ಮಣ್ಣಿಗೆ ತೋಟದ ಕೆಂಪು ಮಣ್ಣೇ ಸಾಕು, ಆದರೆ ಹದ ಮಾಡಿಕೊಳ್ಳಬೇಕು. ಜರಡಿ ಹಿಡಿದು ಬಕೆಟ್‌ನಲ್ಲಿ ನೆನೆಸಿ, ತೇಲುವ ಕಸಕಡ್ಡಿಯನ್ನು ನೀರಿನೊಂದಿಗೆ ಬಸಿದು, ಬಿಸಿಲಿಗೆ ಹರಡಿ ಒಣಗಿಸಿ. ಹೀಗೆ ಮೂರು ಸಲ ಮಾಡಿದರೆ ಕರಗುವ ಲವಣ, ಅಮೋನಿಯ ಬಹುಪಾಲು ಹೊರಹೋಗುತ್ತವೆ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ ಬೆರೆಸಿ. ಒಟ್ಟು ಮೂರೂವರೆ ಲೀಟರ್ ಮಿಶ್ರಣ ಹರಡಿದರೆ 2 ಸೆಂ.ಮೀ. ದಪ್ಪ ಬರುತ್ತದೆ, ಅದಕ್ಕಿಂತ ಹೆಚ್ಚು ಬೇಡ. ದಪ್ಪನೆಯ ಮಣ್ಣಿನಲ್ಲಿ ಆಮ್ಲಜನಕ ಇಳಿಯದೆ ಕೊಳೆತು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಯೂರಿಯಾ, ಡಿಎಪಿ, ಹಸಿ ಸಗಣಿ, ಬೇವಿನ ಹಿಂಡಿ ಚಿಟಿಕೆಯಷ್ಟೂ ಸೇರಿಸಬೇಡಿ.

ಇದರ ಮೇಲೆ 2–3 ಮಿ.ಮೀ. ಗಾತ್ರದ ತೊಳೆದ ಸಣ್ಣ ಜಲ್ಲಿಯನ್ನು 4 ಸೆಂ.ಮೀ. ಮುಚ್ಚಿ. ಸುಮಾರು 11–12 ಕೆ.ಜಿ. ಹಿಡಿಯುತ್ತದೆ. ಕೊಳ್ಳುವ ಮುಂಚೆ ಒಂದು ಹಿಡಿ ಜಲ್ಲಿಗೆ ವಿನೆಗರ್ ಹಾಕಿ ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ. ಬೋರ್‌ವೆಲ್ ನೀರು ಮೊದಲೇ ಗಡಸು, ಅದನ್ನು ಇನ್ನಷ್ಟು ಗಡಸು ಮಾಡುವ ಜಲ್ಲಿ ನಿಮಗೆ ಬೇಡ. ಅಮೃತಶಿಲೆ ಚೂರು, ಕಪ್ಪೆಚಿಪ್ಪು ಕೂಡ ಇದೇ ಕಾರಣಕ್ಕೆ ಬೇಡ. ನೀರು ತುಂಬುವಾಗ ಜಲ್ಲಿಯ ಮೇಲೊಂದು ತಟ್ಟೆ ಇಟ್ಟು, ಅದರ ಮೇಲೆ ನಿಧಾನಕ್ಕೆ ಸುರಿಯಿರಿ. ಇಲ್ಲದಿದ್ದರೆ ಮಣ್ಣು ಮೇಲೆದ್ದು ಟ್ಯಾಂಕೆಲ್ಲ ಕೆಸರು. ತುಂಬಿದ ಟ್ಯಾಂಕಿನ ಭಾರ 70 ಕಿಲೋ ದಾಟಬಹುದು. ಮೇಜು ಗಟ್ಟಿ ಇರಲಿ, ಗಾಜಿನಡಿ ಥರ್ಮಾಕೋಲ್ ಹಾಳೆ ಇರಲಿ.

ಈಗ ಗಿಡ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲ ಹೀರಿಕೊಳ್ಳಬಲ್ಲ ಗಿಡಗಳಿವೆ: ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್. ಸಿಲಿಂಡರ್ ಇಲ್ಲದ ಬೋರ್‌ವೆಲ್ ಟ್ಯಾಂಕಿಗೆ ಇವಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಮೂರೂ ಅಗ್ಗ, ಮೂರೂ ನಮ್ಮ ಕೆರೆಕಟ್ಟೆಗಳಲ್ಲಿ ಬೆಳೆಯುವಂಥವು. ಜೊತೆಗೆ ಹೈಗ್ರೋಫಿಲಾದ ಕೆಲವು ಕಡ್ಡಿ. ಜಾವಾ ಫರ್ನ್, ಅನೂಬಿಯಾಸ್ ತಂದರೆ ಅವುಗಳ ದಪ್ಪ ಗೆಡ್ಡೆಯಂಥ ಕಾಂಡವನ್ನು ಹೂಳಬೇಡಿ, ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ. ಕ್ರಿಪ್ಟೋಕೊರೈನ್ ನೆಟ್ಟ ವಾರದಲ್ಲೇ ಎಲೆಗಳು ಕರಗಿಹೋಗಬಹುದು. ಸತ್ತಿತೆಂದು ಕೀಳಬೇಡಿ, ಬೇರು ಬದುಕಿದ್ದರೆ ಹೊಸ ಎಲೆ ಬರುತ್ತದೆ.

ಹೆಚ್ಚಿನವರು ಸೋಲುವುದು ಮೊದಲ ದಿನ ಐದಾರು ಕಡ್ಡಿ ನೆಟ್ಟು, ಉಳಿದದ್ದು ತಾನೇ ಹಬ್ಬಲಿ ಎಂದು ಕಾಯುವುದರಿಂದ. ಅಷ್ಟರಲ್ಲಿ ಪಾಚಿ ಹಬ್ಬಿರುತ್ತದೆ. ಮೊದಲ ದಿನವೇ ತಳದ ಮುಕ್ಕಾಲು ಭಾಗ ಗಿಡದಿಂದ ಮುಚ್ಚಿಬಿಡಿ. ಕೆರೆಯಿಂದ ತಂದ ಗಿಡವಾದರೆ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಕರಗಿಸಿ, 2–3 ಗಂಟೆ ನೆನೆಸಿ, ಚೆನ್ನಾಗಿ ತೊಳೆದು ನೆಡಿ. ಬಸವನಹುಳು, ಕೀಟಗಳ ಕಾಟ ಕಡಿಮೆಯಾಗುತ್ತದೆ.

ಫಿಲ್ಟರ್‌ಗೆ ಸ್ಪಂಜ್ ಮತ್ತು ಸಣ್ಣ ಏರ್ ಪಂಪ್ ಸಾಕು. ಮೀನಿಗೆ ಮಾತ್ರ 4–6 ವಾರ ಕಾಯಿರಿ. ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಅಷ್ಟು ಸಮಯ ಬೇಕು. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಅಂಥಲ್ಲಿ ಅಮೋನಿಯದ ವಿಷವೂ ಹೆಚ್ಚು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಆರು ಗಪ್ಪಿ ಬಿಡಿ. ಗಡಸು ನೀರು ಅವಕ್ಕೆ ಒಗ್ಗುತ್ತದೆ. ಸ್ಪಂಜನ್ನು ನಲ್ಲಿಯಡಿ ತೊಳೆಯದೆ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ.

ಪ್ರಶ್ನೆ: ಟ್ಯಾಂಕಿಗೆ ಮೂರು ತಿಂಗಳು. ಇದೇ ಅಳತೆಯದು, ತಳದಲ್ಲಿ ಬರೀ ಜಲ್ಲಿ. ದಿನಕ್ಕೆ 12 ಗಂಟೆ ಲೈಟ್ ಹಾಕುತ್ತೇನೆ. ಆದರೂ ಹಳೆಯ ಎಲೆಗಳಲ್ಲಿ ತೂತು, ಹಳದಿ, ಗಾಜಿನ ತುಂಬ ಹಸಿರು ಪಾಚಿ. ದ್ರವ ಗೊಬ್ಬರದ ಬೆಲೆ ಕೈಗೆಟುಕುತ್ತಿಲ್ಲ.
– ಓದುಗರು, ಮೈಸೂರು

ಉತ್ತರ: ಮೊದಲು ಲೈಟನ್ನು 6 ಗಂಟೆಗೆ ಇಳಿಸಿ. ಹಳೆಯ ಎಲೆಯಲ್ಲಿ ತೂತು ಬೀಳುವುದು ಸಾಮಾನ್ಯವಾಗಿ ಪೊಟ್ಯಾಷ್ ಕೊರತೆ, ಹಳೆಯ ಎಲೆ ಪೂರ್ತಿ ಹಳದಿಯಾಗುವುದು ಸಾರಜನಕದ ಕೊರತೆ. ಚಿಗುರೇ ಬಿಳಿಚಿಕೊಂಡರೆ ಕಬ್ಬಿಣದತ್ತ ನೋಡಬೇಕು.

ಗೊಬ್ಬರದ ಅಂಗಡಿಯಲ್ಲಿ ಡ್ರಿಪ್‌ಗೆ ಬಿಡುವ 13:0:45 ಮತ್ತು 0:52:34 ಕೇಳಿ. ಮೊದಲನೆಯದು ಪೊಟ್ಯಾಷಿಯಂ ನೈಟ್ರೇಟ್, ಎರಡನೆಯದು ಮೋನೊ ಪೊಟ್ಯಾಷಿಯಂ ಫಾಸ್ಫೇಟ್. ಮೊದಲನೆಯದು 20 ಗ್ರಾಂ, ಎರಡನೆಯದು 2 ಗ್ರಾಂ ತೂಗಿ, ಅರ್ಧ ಲೀಟರ್ ಕುಡಿಯುವ ನೀರಿನಲ್ಲಿ ಕರಗಿಸಿ. ಜಲ್ಲಿ ಕಳೆದು ನಿಮ್ಮ ಟ್ಯಾಂಕಿನಲ್ಲಿ ನಿಲ್ಲುವುದು ಸುಮಾರು 40 ಲೀಟರ್. ವಾರಕ್ಕೆ 10 ಮಿ.ಲೀ. ಹಾಕಿದರೆ ಲೀಟರಿಗೆ ನೈಟ್ರೇಟ್ 6 ಮಿ.ಗ್ರಾಂ, ಫಾಸ್ಫೇಟ್ 0.7 ಮಿ.ಗ್ರಾಂ ಹತ್ತಿರ ಏರುತ್ತದೆ. ಅಂಗಡಿಯವರು 19:19:19 ಕೊಟ್ಟರೆ ದಯವಿಟ್ಟು ತರಬೇಡಿ. ಅದರಲ್ಲಿ ಸಾರಜನಕದ ಹೆಚ್ಚು ಪಾಲು ಯೂರಿಯಾ, ಅಮೋನಿಯ ರೂಪದಲ್ಲಿರುತ್ತದೆ, ಮೀನು ಸಾಯುತ್ತದೆ. ಕಬ್ಬಿಣ ಹಾಕುವುದಾದರೆ ಬೇರೆ ಬಾಟಲಿಯಲ್ಲಿಡಿ. ಫಾಸ್ಫೇಟಿನ ಜೊತೆ ಸೇರಿದರೆ ಗಷ್ಟಾಗಿ ತಳ ಸೇರುತ್ತದೆ.

ವಾರಕ್ಕೊಮ್ಮೆ ಗೊಬ್ಬರ ಹಾಕುವ ಮುಂಚೆ ಕಾಲು ಭಾಗ ನೀರು ಬದಲಿಸಿ. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಸೋಡಿಯಂ ಥಯೋಸಲ್ಫೇಟ್ ಹರಳು 10 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟು, 10 ಲೀಟರ್ ಹೊಸ ನೀರಿಗೆ 1 ಮಿ.ಲೀ. ಬೆರೆಸಿ. ಹಾಳಾದ ಎಲೆ ಮತ್ತೆ ಸರಿಯಾಗುವುದಿಲ್ಲ, ಕತ್ತರಿಸಿ. ಎರಡು ಮೂರು ವಾರದಲ್ಲಿ ಬರುವ ಹೊಸ ಎಲೆಯನ್ನು ನೋಡಿ ಗೊಬ್ಬರ ಸಾಕೇ ಬೇಕೇ ತೀರ್ಮಾನಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಬೆಳಗಿನ ಜಾವ ಮೀನುಗಳು ನೀರಿನ ಮೇಲ್ಗಡೆ ಬಂದು ಬಾಯಿ ತೆರೆಯುತ್ತವೆ. ಟ್ಯಾಂಕಿನ ತುಂಬ ಗಿಡ ಇದೆಯಲ್ಲ?
– ಓದುಗರು, ಕಲಬುರಗಿ

ಉತ್ತರ: ಗಿಡ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಜೊತೆಗೆ ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಡುವ ಶಕ್ತಿ ಇಳಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಲೈಟ್ ಆರಿದಾಗಿನಿಂದ ಬೆಳಗಿನವರೆಗೆ ಏರ್ ಪಂಪ್ ಓಡಲಿ. ಗಾಜಿನ ಮುಚ್ಚಳ ತೆಗೆದು ಬಲೆ ಕಟ್ಟಿ, ಸಣ್ಣ ಫ್ಯಾನ್ ನೀರಿನ ಮೇಲೆ ಬೀಸಲಿ. ಎರಡು ಮೂರು ಡಿಗ್ರಿ ತಂಪಾಗುತ್ತದೆ. ಆವಿಯಾದಷ್ಟು ನೀರು ದಿನವೂ ತುಂಬಿ, ಸಾಧ್ಯವಾದರೆ ಆರ್‌ಒ ನೀರನ್ನೇ. ಗಡಸು ನೀರನ್ನೇ ತುಂಬುತ್ತಾ ಹೋದರೆ ಲವಣ ಟ್ಯಾಂಕಿನಲ್ಲೇ ಉಳಿದು ಹೆಚ್ಚುತ್ತದೆ. ಐಸ್ ಮಾತ್ರ ಹಾಕಬೇಡಿ, ತಾಪ ಒಮ್ಮೆಲೇ ಇಳಿದರೆ ಮೀನಿಗೆ ಬಿಸಿಗಿಂತ ಹೆಚ್ಚು ಪೆಟ್ಟು.