ಶಾಲೆಯಲ್ಲಿ ಮಗುವಿಗೆ ಆಸ್ತಮಾ ಜೋರಾದರೆ ಶಿಕ್ಷಕರು ಏನು ಮಾಡಬೇಕು? ಮೊದಲೇ ಏನು ಸಿದ್ಧವಿರಬೇಕು?

ಮೊದಲು ಇನ್ಹೇಲರ್ ಎಲ್ಲಿದೆ ಎಂದು ನೋಡಿ. ಬೀರುವಿನಲ್ಲಿ ಬೀಗ ಹಾಕಿ, ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಅದು ಮಗುವಿನ ಚೀಲದಲ್ಲೋ ತರಗತಿಯಲ್ಲೋ ಕೈಗೆಟುಕುವಂತಿರಲಿ. ಇಂಗ್ಲೆಂಡ್‌ನಲ್ಲಿ 2014ರಿಂದ ಶಾಲೆಗಳೇ ತುರ್ತು ಬಳಕೆಗೆ ಸಾಲ್ಬುಟಮಾಲ್ (ಬಿಗಿದ ಉಸಿರುನಾಳ ಸಡಿಲಿಸುವ ಮದ್ದು) ಇನ್ಹೇಲರ್ ಖರೀದಿಸಿ ಇಟ್ಟುಕೊಳ್ಳಬಹುದು. ನಮ್ಮಲ್ಲೂ ಅಂಥ ಅವಕಾಶ ಬೇಕೇ ಬೇಕು.

ಉಸಿರಾಟ ಕಷ್ಟವಾದಾಗ ಮಗುವನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಇನ್ಹೇಲರ್‌ಗೆ ಸ್ಪೇಸರ್ (ಮದ್ದನ್ನು ಹಿಡಿದಿಟ್ಟು ಉಸಿರೆಳೆಯಲು ಕೊಡುವ ಪ್ಲಾಸ್ಟಿಕ್ ಕೊಳವೆ) ಜೋಡಿಸಿ ಒಂದು ಪಫ್ ಕೊಡಿ, ಅಂದರೆ ಇನ್ಹೇಲರನ್ನು ಒಂದು ಸಲ ಒತ್ತಿ, ಅದರಿಂದ ನಾಲ್ಕು ಬಾರಿ ಉಸಿರು ಎಳೆಯಲಿ. ಹೀಗೆ ನಾಲ್ಕು ಪಫ್ ಕೊಟ್ಟು ನಾಲ್ಕು ನಿಮಿಷ ಕಾಯಿರಿ. ಸುಧಾರಿಸದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಇದನ್ನೇ ಮುಂದುವರಿಸಿ. ಸ್ಪೇಸರ್ ಇಲ್ಲವೇ? ಅರ್ಧ ಲೀಟರ್ ನೀರಿನ ಬಾಟಲಿಯ ತಳದಲ್ಲಿ ಇನ್ಹೇಲರ್‌ನ ಬಾಯಿ ಬಿಗಿಯಾಗಿ ಕೂರುವಷ್ಟು ರಂಧ್ರ ಕೊರೆದರೆ ಸಾಕು, ಅದೂ ಕೆಲಸ ಮಾಡುತ್ತದೆ.

ಒಂದು ಮಾತು ಎಲ್ಲ ಶಿಕ್ಷಕರಿಗೂ ತಿಳಿದಿರಲಿ: ಸುಯ್ ಸುಯ್ ಎನ್ನುತ್ತಿದ್ದ ಎದೆ ತಟ್ಟನೆ ಸದ್ದಡಗಿ, ಮಗು ಸುಸ್ತಾಗಿ, ತುಟಿ ನೀಲಿಯಾದರೆ ಅದು ಗುಣವಾದ ಲಕ್ಷಣವಲ್ಲ, ಪ್ರಾಣಾಪಾಯ. ಆಗ ನಾಲ್ಕು ನಿಮಿಷ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ.

ಕಡಲೆಕಾಯಿಯನ್ನೋ ಮೊಟ್ಟೆಯನ್ನೋ ತಿಂದೊಡನೆ ಮೈಯೆಲ್ಲ ದದ್ದು, ಮುಖದ ಊತ, ಉಸಿರುಗಟ್ಟುವಿಕೆ ಕಾಣಿಸಿಕೊಂಡರೆ ಅದು ತೀವ್ರ ಅಲರ್ಜಿ, ಅದರ ಮದ್ದು ಬೇರೆ: ತೊಡೆಯ ಹೊರಬದಿಗೆ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆಯನ್ನು ನಂಬಿ ಕೂರಬೇಡಿ. ಶಾಲೆಯಲ್ಲಿ ಚುಚ್ಚುಮದ್ದು ಇಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಿ; ಮಗುವನ್ನು ಮಾತ್ರ ನಡೆಸಿಕೊಂಡು ಹೋಗಬೇಡಿ, ಎತ್ತಿಕೊಂಡು ಹೋಗಿ.