ಅನಾಥ ಕೂಸುಗಳ ಅಮ್ಮ

ಪ್ರಶ್ನೆ: ಮಿಷನರಿಗಳು ಆಫ್ರಿಕಾದಲ್ಲಿ ಅನಾಥ ಮಕ್ಕಳನ್ನು ಸಾಕಿದ್ದು ಬರೀ ಮತಪ್ರಚಾರಕ್ಕೆ ಅಲ್ವಾ?

ಉತ್ತರ: ಪ್ರಚಾರ ಇರಲೇ ಇಲ್ಲ ಅನ್ನಲಾರೆ. ಆದರೆ ಈಜಿಪ್ಟಿನ ಅಸ್ಯೂತ್‌ನಲ್ಲಿದ್ದ ಲಿಲಿಯನ್ ಟ್ರಾಷರ್ ಅವರನ್ನು ನೋಡಿ. ದೇವರು ಆಫ್ರಿಕಾಕ್ಕೆ ಕರೆಯುತ್ತಿದ್ದಾನೆ ಅನ್ನಿಸಿ, ಗೊತ್ತಾಗಿದ್ದ ಮದುವೆಯನ್ನೇ ಬಿಟ್ಟು 1910ರಲ್ಲಿ ಅಮೆರಿಕದಿಂದ ಹೊರಟವರು. ಅಲ್ಲಿ ಒಬ್ಬ ತಾಯಿ ಸಾಯುತ್ತಿದ್ದಳು, ಅವಳ ಕೂಸಿಗೆ ತಗಡಿನ ಡಬ್ಬಿಯಿಂದ ಕೆಟ್ಟ ಹಾಲು ಕುಡಿಸುತ್ತಿದ್ದರು. ಇವರು ಕೂಸನ್ನು ಎತ್ತಿಕೊಂಡು ಬಂದರು. ಅದು ರಾತ್ರಿಯೆಲ್ಲ ಅಳು. ಜೊತೆಯ ಮಿಷನರಿಗಳೇ ನಿದ್ದೆಗೆಟ್ಟು, ವಾಪಸ್ ಬಿಟ್ಟು ಬಾ ಅಂದರು! ಈಕೆ ಸುಮ್ನೆ ಒಂದು ಬಾಡಿಗೆ ಮನೆ ಹಿಡಿದರು, 1911ರಲ್ಲಿ ಅದೇ ಅನಾಥಾಲಯವಾಯಿತು. ಕೈ ಖಾಲಿಯಾದಾಗ ಕತ್ತೆ ಏರಿ ಹಳ್ಳಿ ಹಳ್ಳಿ ತಿರುಗಿ ಸಹಾಯ ಕೇಳುತ್ತಿದ್ದರು. 1961ರಲ್ಲಿ ತೀರಿಕೊಂಡಿದ್ದೂ ಅಸ್ಯೂತ್‌ನಲ್ಲೇ.