ಟೆಂಪೊದಲ್ಲಿ ಗಾಂಜಾ ಸಿಕ್ಕಿತು, ತಮ್ಮನಿಗೆ 5 ವರ್ಷ ಶಿಕ್ಷೆಯಾಯಿತು: ಅಪೀಲಿನಲ್ಲಿ ಏನು ಹೇಳಬಹುದು?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮ ಬೇರೆಯವರ ಗೂಡ್ಸ್ ಟೆಂಪೊ ಓಡಿಸುತ್ತಿದ್ದ. ಮದನಪಲ್ಲಿ ಮಾರ್ಕೆಟ್ಟಿಗೆ ಟೊಮೆಟೊ ಇಳಿಸಿ, ಖಾಲಿ ಕ್ರೇಟು ತುಂಬಿಕೊಂಡು ರಾತ್ರಿ ವಾಪಸ್ ಬರುತ್ತಿದ್ದ. ದಾರಿಯಲ್ಲಿ ಒಬ್ಬ ಕೈ ಅಡ್ಡ ಹಾಕಿ ಹತ್ತಿದನಂತೆ, ಬ್ಯಾಗನ್ನು ಸೀಟಿನ ಹಿಂದೆ ಇಟ್ಟನಂತೆ. ಗಡಿ ದಾಟಿದ ಮೇಲೆ ಪೊಲೀಸರು ಗಾಡಿ ನಿಲ್ಲಿಸಿದರು. ಹತ್ತಿದವನು ಕತ್ತಲಲ್ಲಿ ಓಡಿಹೋದ. ಬ್ಯಾಗಿನಲ್ಲಿ 4 ಕೆ.ಜಿ. 200 ಗ್ರಾಂ ಗಾಂಜಾ ಇತ್ತು ಎಂದು ಕೇಸು ಹಾಕಿದರು. ಈಗ 5 ವರ್ಷ ಜೈಲು, 50,000 ರೂಪಾಯಿ ದಂಡ. ತೀರ್ಪು ಬಂದು 38 ದಿನ ಆಯ್ತು. ಮೈ ತಪಾಸಣೆಗೆ ಮುಂಚೆ ಗೆಜೆಟೆಡ್ ಅಧಿಕಾರಿಯನ್ನು ಕರೆಸಲಿಲ್ಲ, ಅಷ್ಟಕ್ಕೇ ಕೇಸು ಬಿದ್ದುಹೋಗುತ್ತೆ ಎಂದು ಊರಲ್ಲಿ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು 2 ಲಕ್ಷ ಕೊಟ್ಟರೆ ಗ್ಯಾರಂಟಿ ಬಿಡಿಸುತ್ತೇನೆ ಎನ್ನುತ್ತಾರೆ. ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿ ಆಗುತ್ತೆ ಅಂತಲೂ ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ದಿನದ ಲೆಕ್ಕ. ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಇದೆ. ತೀರ್ಪಿನ ನಕಲಿಗೆ ಅರ್ಜಿ ಕೊಟ್ಟ ದಿನದಿಂದ ಅದು ಕೈಗೆ ಬರುವವರೆಗಿನ ದಿನಗಳನ್ನು ಇದರಿಂದ ಬಿಡುತ್ತಾರೆ. ನಿಮ್ಮದು 38 ದಿನ ಕಳೆದಿದೆ, ಹಾಗಾಗಿ ಈ ವಾರವೇ ಓಡಾಡಿ. ಶಿಕ್ಷೆಯಾದವನಿಗೆ ತೀರ್ಪಿನ ಒಂದು ನಕಲನ್ನು ಕೋರ್ಟು ಉಚಿತವಾಗಿ ಕೊಡಬೇಕು, ಕೊಟ್ಟಿದ್ದಾರಾ ಎಂದು ತಮ್ಮನನ್ನು ಕೇಳಿ. ಅಕಸ್ಮಾತ್ ದಿನ ಮೀರಿದರೆ ತಡವಾದದ್ದಕ್ಕೆ ಕಾರಣ ಹೇಳಿ ಮನ್ನಿಸಿ ಎಂದು ಅರ್ಜಿ ಹಾಕಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಕೋಲಾರ ಜಿಲ್ಲೆಯ ಅಪೀಲು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತದೆ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಹಳೆ ಕಾನೂನು ಸಿಆರ್‌ಪಿಸಿಯಲ್ಲಿ 374ನೇ ಕಲಂ ಇತ್ತು, ಅದರ ಬದಲು 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದು 415.

ಆ 2 ಲಕ್ಷದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಹೈಕೋರ್ಟಿನಲ್ಲಿ ಗ್ಯಾರಂಟಿ ಅನ್ನೋದು ಯಾರ ಕೈಯಲ್ಲೂ ಇಲ್ಲ. ಜೈಲಿನಲ್ಲಿರುವ ಯಾರಿಗೇ ಆಗಲಿ ಸರ್ಕಾರದ ಕಾನೂನು ನೆರವು ಉಚಿತ, ಆದಾಯ ಎಷ್ಟಿದೆ ಎಂದು ಕೇಳುವ ಹಾಗಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ನಿಮ್ಮ ತಮ್ಮ ಜೈಲಿನಿಂದಲೇ ಅಧೀಕ್ಷಕರ ಮೂಲಕ ಅಪೀಲು ಕಳಿಸಬಹುದು, ಅದಕ್ಕೂ ಅಷ್ಟೇ ಬೆಲೆ ಇದೆ.

ಶಿಕ್ಷೆ ಜಾಸ್ತಿಯಾಗುವ ಭಯವನ್ನು ಬಿಡಿ. ಆರೋಪಿ ಹಾಕಿದ ಅಪೀಲಿನಲ್ಲಿ ಹೈಕೋರ್ಟು ಶಿಕ್ಷೆ ಹೆಚ್ಚಿಸುವ ಹಾಗಿಲ್ಲ. ಅದಕ್ಕೆ ಸರ್ಕಾರವೇ ಬೇರೆ ಅಪೀಲು ಹಾಕಬೇಕು.

ಇನ್ನು ಗೆಜೆಟೆಡ್ ಅಧಿಕಾರಿಯ ಮಾತು. ಊರಿನವರು ಹೇಳುತ್ತಿರುವುದು ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಂ. ಅದು ಮೈ ತಪಾಸಣೆಗೆ ಮಾತ್ರ. ಬ್ಯಾಗು ಮೈಯಲ್ಲ ಎಂದು ಸುಪ್ರೀಂ ಕೋರ್ಟು 2005ರಲ್ಲೇ ಹೇಳಿದೆ. ಮೈ ತಪಾಸಣೆಯಲ್ಲಿ ತಪ್ಪಾಗಿದ್ದರೂ ಗಾಡಿಯಲ್ಲಿ ಸಿಕ್ಕಿದ ಮಾಲಿನ ಸಾಕ್ಷ್ಯ ಅದರಿಂದ ಬೀಳುವುದಿಲ್ಲ ಎಂದು 2019ರಲ್ಲಿ ಮತ್ತೆ ಹೇಳಿತು. ನಿಮ್ಮ ಮಾಲು ಸೀಟಿನ ಹಿಂದೆ ಸಿಕ್ಕಿದೆ. ಈ ಒಂದು ಅಂಶ ಹಿಡಿದುಕೊಂಡು ಅಪೀಲು ಹಾಕಿ ಸೋತವರನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ನಿಮಗೆ ಬೇಕಾದದ್ದು 42ನೇ ಕಲಂ. ಎಫ್‌ಐಆರ್ ತೆಗೆದು ಮೊದಲ ನಾಲ್ಕು ಸಾಲು ಓದಿ. ಅಲ್ಲಿ 'ಖಚಿತ ವರ್ತಮಾನದ ಮೇರೆಗೆ' ಅಂತ ಇದೆಯಾ? ಇದ್ದರೆ ಪೊಲೀಸರಿಗೆ ಮುಂಚೆಯೇ ಸುದ್ದಿ ಬಂದಿತ್ತು ಎಂದರ್ಥ. ಹಾಗೆ ಬಂದ ಸುದ್ದಿಯನ್ನು ಬರೆದಿಡಬೇಕು, ಅದರ ಪ್ರತಿಯನ್ನು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ತಪಾಸಣೆ ಮಾಡಿದರೆ ಯಾಕೆ ಕಾಯಲು ಆಗಲಿಲ್ಲ ಅನ್ನೋದನ್ನೂ ಬರೆಯಬೇಕು. ಇದನ್ನು ಪೂರ್ತಿ ಬಿಟ್ಟಿದ್ದರೆ ಒಪ್ಪಲಾಗದು, ತಡವಾಗಿ ಮಾಡಿ ಸರಿಯಾದ ಕಾರಣ ಕೊಟ್ಟಿದ್ದರೆ ನಡೆಯುತ್ತದೆ ಎಂದು 2009ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಸುದ್ದಿಯೇ ಇರಲಿಲ್ಲ, ಮಾಮೂಲಿ ತಪಾಸಣೆಯಲ್ಲಿ ಸಿಕ್ಕಿತು ಅನ್ನೋದಾದರೆ ಈ ವಾದಕ್ಕೆ ಜೀವ ಕಡಿಮೆ.

ಸರ್ಕಾರಿ ವಕೀಲರು ಹೈವೇ ಸಾರ್ವಜನಿಕ ಜಾಗ, ಅಲ್ಲಿಯ ತಪಾಸಣೆಗೆ ಹೀಗೆ ಬರೆದಿಡುವ ಷರತ್ತಿಲ್ಲದ 43ನೇ ಕಲಂ ಸಾಕು ಎನ್ನುತ್ತಾರೆ. ಆದರೆ ಸಾರ್ವಜನಿಕ ರಸ್ತೆಯಲ್ಲಿದ್ದರೂ ಖಾಸಗಿ ಗಾಡಿ ಸಾರ್ವಜನಿಕ ವಾಹನ ಆಗುವುದಿಲ್ಲ, ಅದಕ್ಕೆ 42ನೇ ಕಲಮೇ ಬೇಕು ಎಂದು 2021ರಲ್ಲಿ ಬೂಟಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿ, ಆರೋಪಿಗಳನ್ನು ಬಿಟ್ಟಿತು. ಅಲ್ಲಿ ಇದ್ದದ್ದು ಖಾಸಗಿ ಜೀಪು. ನಿಮ್ಮದು ಹಳದಿ ಬೋರ್ಡಿನ ಗಾಡಿ ಇರಬೇಕು, ಅಲ್ವಾ? ಹಾಗಿದ್ದರೆ ಎದುರಿನವರು ಇಲ್ಲೇ ಜಗ್ಗುತ್ತಾರೆ. ನನ್ನ ಪ್ರಕಾರ ಸರಕು ಸಾಗಿಸುವ ಟೆಂಪೊ ಜನ ಹತ್ತಿ ಇಳಿಯುವ ವಾಹನ ಅಲ್ಲ, ವಾದಕ್ಕೆ ಜಾಗ ಇದೆ. ಓನರ್ ಹತ್ತಿರ ಆರ್‌ಸಿ ನಕಲು, ಪರ್ಮಿಟ್ ನಕಲು ಇಸ್ಕೊಂಡು ಇಟ್ಟುಕೊಳ್ಳಿ.

ಆದರೂ ಈ ಕೇಸಿನ ಹೃದಯ ಬೇರೆ ಕಡೆ ಇದೆ: ಬ್ಯಾಗಿನಲ್ಲಿ ಏನಿದೆ ಎಂದು ನಿಮ್ಮ ತಮ್ಮನಿಗೆ ಗೊತ್ತಿತ್ತಾ? ಮಾಲು ಒಬ್ಬರ ವಶದಲ್ಲಿತ್ತು ಎಂದು ಸಾಬೀತಾದರೆ ಅವರಿಗೆ ಗೊತ್ತಿತ್ತು ಎಂದೇ ಈ ಕಾಯ್ದೆ ಊಹಿಸಿಕೊಳ್ಳುತ್ತದೆ, 35 ಮತ್ತು 54ನೇ ಕಲಂ ಅದಕ್ಕಾಗಿಯೇ ಇವೆ. ಆದರೆ ವಶವನ್ನು ಮೊದಲು ಸಾಬೀತು ಮಾಡಬೇಕಾದವರು ಪೊಲೀಸರು. 2002ರ ಅವತಾರ್ ಸಿಂಗ್ ಪ್ರಕರಣದಲ್ಲಿ ಗಸಗಸೆ ಸಿಪ್ಪೆಯ (ಇದೂ ಮಾದಕ ವಸ್ತುವೇ) ಮೂಟೆ ತುಂಬಿದ್ದ ಗಾಡಿಯಿಂದ ಕೆಲವರು ಓಡಿಹೋದರು, ಡ್ರೈವರೂ ಉಳಿದವರೂ ಸಿಕ್ಕಿಬಿದ್ದರು. ಬರೀ ಗಾಡಿಯಲ್ಲಿ ಇದ್ದ ಮಾತ್ರಕ್ಕೆ ವಶ ಎನ್ನಲಾಗದು ಎಂದು ಸುಪ್ರೀಂ ಕೋರ್ಟು ಅವರನ್ನು ಬಿಟ್ಟಿತು. ಹಾಗೆಂದು ಕುಣಿಯುವ ಹಾಗಿಲ್ಲ. ಮರುವರ್ಷವೇ, 2003ರಲ್ಲಿ, ಒಂದು ಕಾರಿನಲ್ಲಿದ್ದ ಎಲ್ಲರಿಗೂ ಶಿಕ್ಷೆ ಖಾಯಂ ಆಯಿತು.

ಆದ್ದರಿಂದ ಒಂದು ಕಾಗದವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜ್ ಆರೋಪಿಗೆ ಒಂದೊಂದೇ ಪ್ರಶ್ನೆ ಕೇಳಿ ಬರೆಸಿಕೊಂಡ ಹೇಳಿಕೆ, ಹಳೆ ಸಿಆರ್‌ಪಿಸಿಯ 313ರ ಹೇಳಿಕೆ ಎನ್ನುತ್ತಾರೆ, ಹೊಸ ಬಿಎನ್‌ಎಸ್‌ಎಸ್‌ನಲ್ಲಿ 351. ಅಲ್ಲಿ ನಿಮ್ಮ ತಮ್ಮ ಕೈ ಅಡ್ಡ ಹಾಕಿ ಹತ್ತಿದವನ ವಿಷಯ ಹೇಳಿದ್ದಾನಾ, ಅಥವಾ ಎಲ್ಲದಕ್ಕೂ 'ಸುಳ್ಳು', 'ಸುಳ್ಳು' ಎಂದಷ್ಟೇ ಹೇಳಿ ಸುಮ್ಮನಾಗಿದ್ದಾನಾ? ಬಹಳ ಕೇಸುಗಳಲ್ಲಿ ಎರಡನೆಯದೇ ಆಗಿರುತ್ತದೆ, ನೋಡಿದಾಗ ಹೊಟ್ಟೆ ಉರಿಯುತ್ತದೆ. ಹೇಳಿರದಿದ್ದರೂ ದಾರಿ ಮುಚ್ಚಿಲ್ಲ. ಪೊಲೀಸ್ ಸಾಕ್ಷಿಯೇ ಪಾಟೀಸವಾಲಿನಲ್ಲಿ 'ಇನ್ನೊಬ್ಬ ಓಡಿಹೋದ' ಎಂದು ಒಪ್ಪಿದ್ದರೆ ಅದು ಚಿನ್ನದಂಥ ಸಾಲು.

ಆಮೇಲೆ ಮಹಜರು. ಅದರಲ್ಲಿ ಶುರುವಾದ ಗಂಟೆ, ಮುಗಿದ ಗಂಟೆ ಬರೆದಿರುತ್ತದೆ. ಟೋಲ್ ದಾಟಿದ್ದರೆ ಓನರ್ ಫೋನಿಗೆ ಫಾಸ್ಟ್‌ಟ್ಯಾಗ್ ಮೆಸೇಜು ಬಂದಿರುತ್ತದೆ. ಮಹಜರು ನಡೆಯುತ್ತಿದ್ದ ಹೊತ್ತಿಗೆ ಗಾಡಿ ಟೋಲಿನಲ್ಲಿತ್ತು ಎಂದು ಆ ಮೆಸೇಜು ಹೇಳಿದರೆ ಅದನ್ನು ಅಪೀಲಿನಲ್ಲಿ ಹೆಚ್ಚಿನ ಸಾಕ್ಷ್ಯವಾಗಿ ತೆಗೆದುಕೊಳ್ಳಿ ಎಂದು ಕೇಳಬಹುದು. ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ, ಆದರೂ ಮೆಸೇಜನ್ನು ಅಳಿಸದಂತೆ ಓನರ್‌ಗೆ ಇವತ್ತೇ ಹೇಳಿ.

ಸ್ಯಾಂಪಲ್ ಎಲ್ಲಿ ತೆಗೆದರು? 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಎದುರು ತೆಗೆಯಬೇಕು. ಮಾಲು ಹಿಡಿದ ಜಾಗದಲ್ಲೇ ಸ್ಯಾಂಪಲ್ ತೆಗೆದಿದ್ದಕ್ಕೆ 2023ರಲ್ಲಿ ಸುಪ್ರೀಂ ಕೋರ್ಟು ಒಬ್ಬರನ್ನು ಬಿಟ್ಟಿದೆ. ಆದರೆ ಈ ತಪ್ಪೊಂದರಿಂದಲೇ ಕೇಸು ಬೀಳುವುದಿಲ್ಲ, ಉಳಿದ ಸಾಕ್ಷ್ಯ ನಂಬುವಂತಿದೆಯಾ ನೋಡಬೇಕು ಎಂದು 2025ರಲ್ಲಿ ಹೇಳಿತು. ತೂಕವನ್ನೂ ಬಿಡಬೇಡಿ. ಕಾಯ್ದೆ ಗಾಂಜಾ ಎನ್ನುವುದು ಹೂ, ಕಾಯಿ ಇರುವ ತುದಿಗೆ. ಆ ತುದಿ ಇಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. 1 ಕೆ.ಜಿ. ತನಕ ಸಣ್ಣ ಪ್ರಮಾಣ, ಶಿಕ್ಷೆ ಹೆಚ್ಚೆಂದರೆ 1 ವರ್ಷ. 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ನಿಮ್ಮದು ನಡುವಿನದು, 10 ವರ್ಷದ ತನಕ ಕೊಡಬಹುದಿತ್ತು.

ನಡುವಿನ ಪ್ರಮಾಣ ಆಗಿರುವುದು ನಿಮಗೆ ಒಳ್ಳೆಯದೇ. ವಾಣಿಜ್ಯ ಪ್ರಮಾಣಕ್ಕೆ ಇರುವ 37ನೇ ಕಲಮಿನ ಬಿಗಿ ಜಾಮೀನು ಷರತ್ತು ಇದಕ್ಕೆ ಬರುವುದಿಲ್ಲ. ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿನಲ್ಲಿಡಿ ಎಂದು ಬಿಎನ್‌ಎಸ್‌ಎಸ್‌ನ 430ನೇ ಕಲಮಿನಲ್ಲಿ ಅರ್ಜಿ ಹಾಕಿಸಿ. ವಿಚಾರಣೆ ವೇಳೆ ಜಾಮೀನಿನಲ್ಲಿದ್ದು ತಪ್ಪದೆ ಕೋರ್ಟಿಗೆ ಬಂದಿದ್ದರೆ ಅದನ್ನು ಬರೆಸಿ. ಮುಂಚೆ ಜೈಲಿನಲ್ಲಿ ಕಳೆದ ದಿನಗಳು ಶಿಕ್ಷೆಯಲ್ಲಿ ಕಡಿತ ಆಗುತ್ತವೆ, ಆ ಲೆಕ್ಕವೂ ಇರಲಿ. ದಂಡದ ಹಣ ಕಟ್ಟಿ ಎನ್ನಬಹುದು, ಹೊಂದಿಸಿಕೊಳ್ಳಿ.

ಪ್ರಶ್ನೆ: ಚಿಂತಾಮಣಿಯಲ್ಲಿ ನನ್ನ ಗೂಡ್ಸ್ ಗಾಡಿ ಇದೇ ತರಹದ ಕೇಸಿನಲ್ಲಿ 8 ತಿಂಗಳಿಂದ ಸ್ಟೇಷನ್ ಮುಂದೆ ಬಿಸಿಲಲ್ಲಿ ನಿಂತಿದೆ. ನಾನು ಆರೋಪಿ ಅಲ್ಲ. ಬಿಡಿಸಿಕೊಳ್ಳಬಹುದಾ?

ಉತ್ತರ: ಬಿಡಿಸಿಕೊಳ್ಳಬಹುದು. ಕೇಸು ಮುಗಿಯುವ ಮುಂಚೆಯೇ ಗಾಡಿಯನ್ನು ಷರತ್ತಿನ ಮೇಲೆ ಬಿಡಲು ಈ ಕಾಯ್ದೆಯಲ್ಲಿ ಅಡ್ಡಿ ಇಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಕೊನೆಗೆ ಜಪ್ತಿ ಆಗಬಾರದು ಎಂದರೆ 60ನೇ ಕಲಮಿನಂತೆ ನಿಮಗೆ ಗೊತ್ತಿಲ್ಲದೆ ನಡೆಯಿತು, ನಿಮ್ಮ ಕಡೆಯಿಂದ ಎಚ್ಚರ ವಹಿಸಿದ್ದಿರಿ ಎಂದು ನೀವೇ ತೋರಿಸಬೇಕು. ಆರ್‌ಸಿ, ವಿಮೆ, ಲೋನ್ ಕಾಗದ ತೆಗೆದುಕೊಂಡು ವಕೀಲರ ಹತ್ತಿರ ಹೋಗಿ. ಡ್ರೈವರಿಗೆ ಬಾಡಿಗೆ ಕೊಟ್ಟ ಲೆಕ್ಕದ ಪುಸ್ತಕ ಇದ್ದರೆ ಅದನ್ನೂ ಮರೆಯಬೇಡಿ.